ಅಫಜಲಪುರದ ಸಮುದ್ರಕ್ಕೆ ಕ್ಷಾರ ಏರಿದ್ದು

ಸರ್ಕಾರಿ ನೌಕರರಿಗೆ ನಿವೃತ್ತಿಯ ದಿನ ಹಾರ ಹಾಕುತ್ತಾರೆ, ಶಾಲು ಹೊದಿಸುತ್ತಾರೆ, ಮನೆಯಲ್ಲಿ ಈಗಾಗಲೇ ಮೂರಿರುವ ಗೋಡೆ ಗಡಿಯಾರದ ಜೊತೆಗೆ ನಾಲ್ಕನೆಯದನ್ನು ಕೊಡುತ್ತಾರೆ. ಮೀನಿನ ಟ್ಯಾಂಕು ತೊಳೆಯುವವನಿಗೆ ನಿವೃತ್ತಿ ಕೊಡುವುದು ಅವನ ಸೊಂಟ. ನನ್ನ ಸೊಂಟ ಆ ಆದೇಶ ಹೊರಡಿಸಿದ್ದು ಜೇವರ್ಗಿಯಲ್ಲಿ, ಒಬ್ಬ ಹಲ್ಲಿನ ಡಾಕ್ಟರ ದವಾಖಾನೆಯಲ್ಲಿ, ನಾನು ಭುಜದವರೆಗೆ ಕೈಯನ್ನು ನೀರಿಗೆ ಬಿಟ್ಟು ಬಗ್ಗಿದ್ದಾಗ. ಬಗ್ಗಿದವನು ಏಳಲಿಲ್ಲ. ಗಲ್ಲ ಊದಿಸಿಕೊಂಡು ಕೂತಿದ್ದ ಇಬ್ಬರು ರೋಗಿಗಳು ತಮ್ಮ ಹಲ್ಲುನೋವು ಮರೆತು ನನ್ನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಡಾಕ್ಟರು ಅಭ್ಯಾಸಬಲದಿಂದ ಬಾಯಿ ತೆರೆಯಲು ಹೇಳಿದರು. ನನ್ನ ಬೀಳ್ಕೊಡುಗೆ ಸಮಾರಂಭ ಅಲ್ಲಿಗೆ ಮುಗಿಯಿತು.

ಈಗ ಆಳಂದದಲ್ಲೇ ಮೂರ್ನಾಲ್ಕು ಹುಡುಗರು ಮೀನಿನ ಅಂಗಡಿ ತೆಗೆದಿದ್ದಾರೆ. ಫೋನಿನಲ್ಲಿ ನೋಡಿ ಎಲ್ಲವನ್ನೂ ಕಲಿತಿದ್ದಾರೆ. ನೋಡದೆ ಇದ್ದದ್ದು ನೀರೊಂದೇ. ಸಂಜೆ ನನ್ನ ಕಟ್ಟೆಗೆ ಬಂದು ಕೇಳುತ್ತಾರೆ: "ಕಾಕಾ, ಉಪ್ಪನೀರಿನ ಟ್ಯಾಂಕಿನಾಗ ಕ್ಷಾರ ಏರ್‍ಯಾದ. ಇಳಿಸಾಕ ಏನ್ ಹಾಕಬೇಕ್ರಿ?"

"ಏನೂ ಹಾಕಬ್ಯಾಡ" ಅನ್ನುತ್ತೇನೆ.

ಮುದುಕ ಗುಟ್ಟು ಬಿಡುತ್ತಿಲ್ಲ ಎಂದು ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗುತ್ತಾರೆ. ಗುಟ್ಟು ಇರುವುದೇ ಆ ಎರಡು ಮಾತಿನಲ್ಲಿ ಎಂದು ಹೇಳಿದರೆ ನಂಬುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದನ್ನಾದರೂ ನಂಬುತ್ತಾರೇನೋ, ಓದುವುದು ಆಮೇಲಿನ ಮಾತು.

ನಾನು ಈ ಕೆಲಸಕ್ಕೆ ಸೇರಿದ್ದು ನನ್ನ ಬಾಯಿಯ ದೆಸೆಯಿಂದ. ಎಂಬತ್ತರ ದಶಕ. ಓದು ನನ್ನನ್ನು ಬಿಟ್ಟಿತ್ತು, ನಾನು ಅದನ್ನು ಬಿಟ್ಟೆನೆಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಇನ್ನೊಬ್ಬರ ಧ್ವನಿ ತೆಗೆಯುವುದು. ಬಸ್ ಕಂಡಕ್ಟರ್, ತಹಶೀಲ್ದಾರ್, ನಮ್ಮಪ್ಪ, ಕೆಟ್ಟುಹೋದ ಹಿಟ್ಟಿನ ಗಿರಣಿ, ಯಾವುದನ್ನೂ ಬಿಡುತ್ತಿರಲಿಲ್ಲ. ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ಮೈಬೂಬಸಾಬ್ ಎನ್ನುವವರ ಮೀನಿನ ಅಂಗಡಿ ಇತ್ತು. ಮುಂಬಯಿಯಲ್ಲಿ ಬಹಳ ವರ್ಷ ಮೀನಿನ ಟ್ಯಾಂಕು ಕಟ್ಟಿ ಬಂದವರು, ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಒಂದು ದಿನ ಅವರು ನಮಾಜಿಗೆ ಹೋಗಿದ್ದಾಗ ಗಿರಾಕಿಯೊಬ್ಬನಿಗೆ ನಾನೇ ಅವರ ಧ್ವನಿಯಲ್ಲಿ, ಅವರಂತೆಯೇ ಗಡ್ಡ ನೀವಿಕೊಂಡು, "ಅರೇ ಭಾಯಿ, ಮೊದಲ ನೀರ ಸಾಕಬೇಕು, ಆಮ್ಯಾಲೆ ಮೀನ ಸಾಕಬೇಕು" ಎಂದು ಉಪದೇಶ ಮಾಡುತ್ತಿದ್ದೆ. ನನಗೆ ಗಡ್ಡ ಇರಲಿಲ್ಲ ಎಂಬುದು ಬೇರೆ ಮಾತು. ಹಿಂದೆ ತಿರುಗಿದರೆ ಅವರು ನಿಂತಿದ್ದಾರೆ.

"ಮಾತ ನನ್ನಂಗ ಆಡ್ತಿ. ಕೆಲಸಾನೂ ನನ್ನಂಗ ಮಾಡ್ತಿಯೇನಲೇ?" ಅಂದರು.

ಹೀಗೆ ಲಿಂಗಾಯತರ ಮನೆಯ ಮಲ್ಲಿನಾಥನಾದ ನಾನು ಮೀನು ಮುಟ್ಟುವ ಕೆಲಸಕ್ಕೆ ಸೇರಿದೆ. ನಮ್ಮ ಓಣಿಯಲ್ಲಿ ಕೆಲವರು ನನ್ನನ್ನು ನೋಡಿ ಮೂಗು ಮುಚ್ಚಿಕೊಂಡರು. ಮುಚ್ಚಿದ ಮೂಗಿನಿಂದ ಅವರು ಮಾತಾಡುತ್ತಿದ್ದ ರೀತಿಯನ್ನೂ ನಾನು ಕಲಿತುಕೊಂಡೆ.

ಮೊದಲ ಪಾಠ ಜೇವರ್ಗಿಯ ಟೇಲರ್ ಒಬ್ಬನ ಅಂಗಡಿಯಲ್ಲಿ ಆಯಿತು. ಹೊಲಿಗೆ ಮಷೀನಿನ ಡಬ್ಬಿಯಷ್ಟು ದೊಡ್ಡ ಟ್ಯಾಂಕು, ಅದರಲ್ಲಿ ನಾಲ್ಕು ಬಂಗಾರ ಬಣ್ಣದ ಮೀನು. ಗಾಜಿನ ಮೇಲೆ ನೀರಿನ ಗೆರೆಯುದ್ದಕ್ಕೂ ಬಿಳಿ ಪಟ್ಟಿ ಕೂತಿತ್ತು. ಹೊಲಿಗೆಯವನು ಅದನ್ನು ಗುರುತು ಹಾಕುವ ಸೀಮೆಸುಣ್ಣ ಎಂದು ತಿಳಿದು ತನ್ನ ಕೆಲಸದವನಿಗೆ ಬೈಯುತ್ತಿದ್ದ. ಉಸ್ತಾದರು ಹಿಂದಿನ ಒಲೆಯ ಮೇಲಿದ್ದ ಚಹಾದ ಕಿಟ್ಲಿಯನ್ನು ತಂದು, ಅದರ ಒಳಮೈ ತೋರಿಸಿದರು. ಅಲ್ಲೂ ಅದೇ ಬಿಳುಪು, ಬೆರಳಿನ ದಪ್ಪ.

"ಕಿಟ್ಲಿಗಿ ಯಾವ ಟೇಲರ್ ಗುರುತು ಹಾಕ್ಯಾನ?" ಅಂದರು.

ನಮ್ಮ ಕಡೆಯ ಬೋರಿನ ನೀರು ಹಾಸುಬಂಡೆಯ ನಡುವೆ ಹರಿದು ಬರುತ್ತದೆ. ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, ಕಲ್ಲಿನಿಂದ ಸುಣ್ಣವನ್ನೂ ಕ್ಷಾರವನ್ನೂ ಹೊತ್ತು ತರುತ್ತದೆ. ಬಿಸಿಲಿಗೆ ಆವಿಯಾಗಿ ಹೋಗುವುದು ಬರೀ ನೀರು. ಹೊತ್ತು ತಂದದ್ದು ಇಲ್ಲೇ ಉಳಿಯುತ್ತದೆ. ಕಡಿಮೆಯಾದ ನೀರಿಗೆ ಮತ್ತೆ ಬೋರಿನ ನೀರು ಸುರಿದರೆ ಮತ್ತಷ್ಟು ಹೊರೆ ಇಳಿಯುತ್ತದೆ. ಮದುವೆ ಮನೆಗೆ ಬಂದ ದೂರದ ನೆಂಟರ ಹಾಗೆ, ಬರುವವರು ಬರುತ್ತಲೇ ಇರುತ್ತಾರೆ, ಹೋಗುವವರು ಯಾರೂ ಇಲ್ಲ. ಕ್ಷಾರ ಏರುವುದು ಎಂದರೆ ಇಷ್ಟೇ. ಮಿಕ್ಕದ್ದನ್ನು ನಿಮ್ಮ ಫೋನು ಹೇಳುತ್ತದೆ.

ಎರಡನೆಯ ಪಾಠ ಗಾಣಗಾಪುರದ ಒಂದು ಲಾಡ್ಜಿನಲ್ಲಿ. ಮಾಲೀಕರು ಬಾಗಿಲ ಎದುರಿಗೇ ಟ್ಯಾಂಕು ಇಡಿಸಿದ್ದರು. ದರ್ಶನ ಮುಗಿಸಿ ಬಂದ ಯಾತ್ರಿಕರು ಮೀನು ಕಂಡೊಡನೆ ಕರಗಿಹೋಗುತ್ತಿದ್ದರು, ಜೊತೆಗೆ ಅವರ ಕೈಯಲ್ಲಿದ್ದ ಪೇಡೆಯೂ ನೀರಿನಲ್ಲಿ ಕರಗುತ್ತಿತ್ತು. ಮೀನುಗಳು ಪೂಜಾರಿಗಳಂತೆ ದುಂಡಗಾದವು. ನೀರು ಹಾಲಾಯಿತು. ಉಸ್ತಾದರು ಬೋರ್ಡು ಬರೆಸಿದರು: "ದಯವಿಟ್ಟು ಪ್ರಸಾದ ಹಾಕಬೇಡಿ." ಯಾತ್ರಿಕರು ಬೋರ್ಡನ್ನು ಗಟ್ಟಿಯಾಗಿ ಓದಿ, ಮೀನಿಗೆ ಕೈಮುಗಿದು, ಪೇಡೆ ಹಾಕಿ ಹೋದರು. ಭಕ್ತಿಗೆ ಬೋರ್ಡು ಓದುವ ಅಭ್ಯಾಸ ಇದೆ, ಪಾಲಿಸುವ ಅಭ್ಯಾಸ ಇಲ್ಲ. ಈ ಪಾಠ ಅಲ್ಲೇ ನನ್ನ ತಲೆಗೆ ಹತ್ತಿದ್ದರೆ ಮುಂದೆ ಅಫಜಲಪುರದಲ್ಲಿ ನಾವಿಬ್ಬರೂ ಅಷ್ಟು ಪರೇಶಾನ ಆಗುತ್ತಿರಲಿಲ್ಲ.

ಅಫಜಲಪುರದ ಸಿದ್ರಾಮಪ್ಪ ಸಾಹುಕಾರರಿಗೆ ತೊಗರಿಬೇಳೆಯ ಮಿಲ್ಲು ಇತ್ತು. ತೊಂಬತ್ತರ ದಶಕದ ಆರಂಭ. ಮುಂಬಯಿಗೆ ಬೇಳೆ ಮಾರಲು ಹೋದವರು ಅಲ್ಲಿನ ದೊಡ್ಡ ಹೋಟೆಲೊಂದರಲ್ಲಿ ಸಮುದ್ರದ ಟ್ಯಾಂಕು ನೋಡಿದರು. ಹವಳ, ಪಟ್ಟಿ ಪಟ್ಟಿ ಮೀನು, ನೀಲಿ ದೀಪ. ಊರಿಗೆ ಬಂದವರೇ ಉಸ್ತಾದರಿಗೆ ಹೇಳಿಕಳಿಸಿದರು.

"ಉಸ್ತಾದ್, ನಮ್ಮ ಪಡಸಾಲ್ಯಾಗ ಒಂದ್ ಸಮುದ್ರ ಬೇಕ್ರಿ."

"ಸಾಹುಕಾರ್, ನಿಮ್ಮೂರಾಗ ಕುಡಿಯಾಕ ನೀರಿಲ್ಲ, ಸಮುದ್ರ ಎಲ್ಲಿಂದ ತರ್ಲಿ?"

"ನಮ್ಮ ಲಾರಿ ಬೇಳೆ ಇಳಿಸಿ ಖಾಲಿ ಬರ್ತದಲ್ರಿ? ಅದರಾಗ ತುಂಬಿಸ್ಕೊಂಡ ಬರ್ತೇವಿ."

ಸಾಹುಕಾರರ ಲೆಕ್ಕಕ್ಕೆ ಸಮುದ್ರವೂ ಒಂದು ವಾಪಸು ಲೋಡು. ನಾವು ಮುಂಬಯಿಗೆ ಹೋದೆವು. ಊರಿನಿಂದ ದೂರ, ದಡ ಬಿಟ್ಟು ದೋಣಿಯಲ್ಲಿ ಸಾಗಿ, ಶುದ್ಧ ನೀರನ್ನು ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ತುಂಬಿಸಿ ಲಾರಿಗೇರಿಸಿದೆವು. ಚೆಕ್‌ಪೋಸ್ಟಿನಲ್ಲಿ ಒಬ್ಬ ಅಧಿಕಾರಿ ಟಾರ್ಚು ಬಿಟ್ಟು ಕೇಳಿದ:

"ಡ್ರಮ್ಮಿನಾಗ ಏನದಲೇ?"

"ಸಮುದ್ರ ಸಾಹೇಬ್ರೆ" ಎಂದೆ ನಾನು.

ಆತ ನನ್ನನ್ನು ದಿಟ್ಟಿಸಿ ನೋಡಿ, ಮುಚ್ಚಳ ತೆಗೆಸಿ, ಬೆರಳು ಅದ್ದಿ ಮೂಸಿ, ಸಮಾಧಾನವಾಗದೆ ಒಂದು ಬೊಗಸೆ ಕುಡಿದ. ಮುಖ ಕಿವುಚಿಕೊಂಡು ಬಹಳ ಹೊತ್ತು ಉಗುಳಿದ. ಆಮೇಲೆ ಅತ್ಯಂತ ಕರ್ತವ್ಯನಿಷ್ಠೆಯಿಂದ ಎರಡನೆಯ ಡ್ರಮ್ಮಿನದೂ ಕುಡಿದು ನೋಡಿದ. ಅವನು ಉಗುಳಿದ ಸದ್ದನ್ನು ನಾನು ಅಫಜಲಪುರದವರೆಗೂ ಲಾರಿಯಲ್ಲಿ ಅಭ್ಯಾಸ ಮಾಡುತ್ತಾ ಬಂದೆ. ಡ್ರೈವರ್ ನಕ್ಕು ನಕ್ಕು ಎರಡು ಸಲ ಗಾಡಿ ನಿಲ್ಲಿಸಿದ.

ಟ್ಯಾಂಕು ನಿಂತಿತು. ಮುಂಬಯಿಯ ಪರಿಚಯದ ಅಂಗಡಿಯಿಂದ ಉಸ್ತಾದರು ಕಿತ್ತಳೆ ಮೀನುಗಳ ಜೊತೆ ಒಂದು ಹವಳವನ್ನೂ ತಂದರು. ನಮಗೆ ಗೊತ್ತಿರುವ ಕೆಂಪು ಉಂಗುರದ ಹವಳವಲ್ಲ. ಜೀವಂತ ಹವಳ. ಒಳಗೆ ಸುಣ್ಣದ ಎಲುಬು, ಹೊರಗೆ ಹಗಲಿಡೀ ಊದಿಕೊಂಡು ನಿಲ್ಲುವ ಗುಳ್ಳೆಗಳು, ಥೇಟ್ ಹಸಿರು ದ್ರಾಕ್ಷಿಯ ಗೊಂಚಲು.

ಇಲ್ಲಿ ಸಾಹುಕಾರರ ತಾಯಿಯ ಮಾತು ಬರುತ್ತದೆ. ಗುರಮ್ಮ ಎಂದು ಹೆಸರು, ನಾವೆಲ್ಲ ಆಯಿ ಅನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಅವರು ತಮ್ಮ ಖೋಲಿ ಬಿಟ್ಟು ಹೊರಗೇ ಬಂದಿರಲಿಲ್ಲ. ಪೂಜೆ ಅಲ್ಲೇ, ಊಟ ಅಲ್ಲೇ, ಮಾತು ಎಲ್ಲಿಯೂ ಇಲ್ಲ. ಮನೆಯಲ್ಲಿ ಮೀನು ತಂದಿದ್ದಾರೆಂದು ತಿಳಿದು, ಬೈಯುವುದಕ್ಕೆಂದೇ ಒಂದು ದಿನ ಹೊರಗೆ ಬಂದರು.

"ಲಿಂಗ ಕಟ್ಟಿದವರ ಮನ್ಯಾಗ ಮೀನ ತಂದೀರೇನ್ರೋ?"

"ಸಾಕಾಕ ತಂದೇವಿ ಆಯಿ, ತಿನ್ನಾಕಲ್ಲ" ಎಂದೆ.

ಮತ್ತೆ ಬೈಯಲು ಬಾಯಿ ತೆರೆದವರ ಕಣ್ಣು ಆ ಗೊಂಚಲಿನ ಮೇಲೆ ಬಿತ್ತು. ಬಾಯಿ ಹಾಗೇ ಉಳಿಯಿತು. "ನೀರಾಗ ದ್ರಾಕ್ಷಿ ಬಿಟ್ಟಾವಲ್ಲೋ!" ಅಂದರು. ಅಂದಿನಿಂದ ಪಡಸಾಲೆಯ ಟ್ಯಾಂಕಿನ ಎದುರು ಅವರದೊಂದು ಮಣೆ ಬಿತ್ತು. ದಿನವೂ ಪೂಜೆ ಮುಗಿಸಿ ಅಲ್ಲಿ ಕೂತು ದ್ರಾಕ್ಷಿಯ ಜೊತೆ ಮಾತಾಡುವುದು, ನಾನು ಹೋದಾಗ ಮಲ್ಲಪ್ಪ ಎಂದು ಕರೆದು ನನ್ನಿಂದ ಮಗನ ಧ್ವನಿ ತೆಗೆಸಿ ನಗುವುದು. "ನಮ್ಮ ಸಿದ್ರಾಮ ಹಮಾಲರಿಗಿ ಒದರೂದು ಒಂದ್ಸಲ ಮಾಡೋ" ಅನ್ನುವರು. ನಾನು ಮಾಡುತ್ತಿದ್ದೆ. ಸಾಹುಕಾರರು ಒಳಗಿನಿಂದ, "ಯಾರ್‍ರೀ ಅದು ನನ್ನಂಗ ಒದರಾಕತ್ತಾರ?" ಎಂದು ಒದರುತ್ತಿದ್ದರು. ನನಗಿಂತ ಒಂದು ಕೈ ಕಡಿಮೆಯೇ ಅನ್ನಿಸುತ್ತಿತ್ತು.

ಒಮ್ಮೆ ಸಾಹುಕಾರರು ನಮ್ಮಿಬ್ಬರನ್ನು ಮಿಲ್ಲಿಗೆ ಕರೆದು ಬಾಗಿಲು ಮುಂದೆ ಮಾಡಿದರು. "ನೋಡ್ರಿ ಉಸ್ತಾದ್. ಮೀನ ಎಷ್ಟರ ಸಾಯ್ಲಿ, ಬ್ಯಾರೆ ತರೂಣು. ಆ ದ್ರಾಕ್ಷಿ ಏನರ ಸತ್ತಿತಂದ್ರ ನಮ್ಮವ್ವ ಮತ್ತ ಖೋಲಿ ಸೇರ್ತಾಳ. ಈ ಸಲ ಸೇರಿದ್ರ ಹೊರಗ ಬರೂದಿಲ್ಲ." ಬೇಳೆಯ ಭಾವ ಹೇಳುವ ಧ್ವನಿಯಲ್ಲೇ ಹೇಳಿದರು, ಆದರೆ ಕಣ್ಣು ಬೇರೆ ಕಡೆ ಇತ್ತು. ಉಸ್ತಾದರು ಎದೆಯ ಮೇಲೆ ಕೈಯಿಟ್ಟು, "ನನ್ನ ಜಿಮ್ಮೆ ಸಾಹುಕಾರ್" ಅಂದುಬಿಟ್ಟರು. ಆ ಧ್ವನಿಯನ್ನು ನಾನು ಯಾವತ್ತೂ ಅಣಕಿಸಿಲ್ಲ. ಪ್ರಯತ್ನಿಸಿದೆ, ಬರಲಿಲ್ಲ.

ಇಲ್ಲಿ ಒಂದು ತೊಡಕಿತ್ತು. ದ್ರಾಕ್ಷಿ ದ್ರಾಕ್ಷಿಯಲ್ಲ, ಪ್ರಾಣಿ. ಅದಕ್ಕೆ ಹೊಟ್ಟೆ ಇದೆ, ಆ ಹೊಟ್ಟೆಗೆ ಒಣ ಸೀಗಡಿಯ ಚೂರು ಬೇಕು. ಲಿಂಗಾಯತರ ಪಡಸಾಲೆಯಲ್ಲಿ, ಆಯಿಯ ಮಣೆಯ ಮುಂದೆ, ಸೀಗಡಿ! ಉಸ್ತಾದರು ಅದನ್ನು ಪುಡಿ ಮಾಡಿ ಔಷಧದ ಬಾಟಲಿಯಲ್ಲಿ ತುಂಬಿದರು. ನಾವು ಹೋಗುವುದು ಮಧ್ಯಾಹ್ನದ ಬಸ್ಸಿಗೆ. ಆಯಿ ಊಟ ಮಾಡಿ ಮಣೆಯ ಮೇಲೇ ತೂಕಡಿಸುವ ಹೊತ್ತು. ನಾನು ಕಾವಲು ನಿಂತು ಪಿಸುಗುಡುತ್ತಿದ್ದೆ: "ಲಗೂ ಹಾಕ್ರಿ ಉಸ್ತಾದ್, ಆಯಿ ನೋಡ್ತಾಳ." ಉಸ್ತಾದರು ಪಿಸುಗುಡುತ್ತಿದ್ದರು: "ಯಾ ಅಲ್ಲಾ, ಬಾಯಿ ಮುಚ್ಚಲೇ." ಆಯಿ ಕಣ್ಣು ಬಿಟ್ಟು ಕೇಳಿದರೆ, "ಔಷಧ್ರಿ ಆಯಿ, ತಬ್ಯತ್ತಿಗಿ ಛಲೋ." ಆಯಿ ಹೂಂ ಎಂದು ಮತ್ತೆ ಕಣ್ಣು ಮುಚ್ಚುತ್ತಿದ್ದರು.

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆಯ ಬಗ್ಗೆ ನಾನು ಬರೆದರೆ ಕಾಗದಕ್ಕೇ ಬೆವರು ಬರುತ್ತದೆ. ಟ್ಯಾಂಕಿನ ನೀರು ಬೆಳಿಗ್ಗೆ ನೋಡಿದಷ್ಟು ಸಂಜೆ ಇರುತ್ತಿರಲಿಲ್ಲ. ಮನೆಯ ಆಳು ಬೋರಿನ ಕೊಡ ತಂದು ತಂದು ಸುರಿದ. ನಾವು ಹೇಳಿದ್ದು ಕಾರಿನ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು. ಅವನಿಗೆ ನೀರು ಅಂದರೆ ನೀರು. ಪಂಪಿನ ಮೇಲೆ ಬಿಳಿ ಪದರು ಕಟ್ಟಿತು. ತಳದ ಮರಳು ಗಟ್ಟಿಯಾಗಿ ಹಲಗೆಯಂತೆ ಎದ್ದು ಬಂತು. ಉಸ್ತಾದರ ಹತ್ತಿರ ಮುಂಬಯಿಯ ಪರೀಕ್ಷೆಯ ಸೀಸೆ ಇತ್ತು: ಸ್ವಲ್ಪ ನೀರಿಗೆ ಹನಿ ಹನಿಯಾಗಿ ಬಿಡಬೇಕು, ನೀಲಿ ಬಣ್ಣ ಹಳದಿಗೆ ತಿರುಗಿದಲ್ಲಿ ನಿಲ್ಲಿಸಬೇಕು. ಹನಿ ಹೆಚ್ಚು ಹಿಡಿದರೆ ಕ್ಷಾರ ಹೆಚ್ಚು. ಅವತ್ತು ಹನಿ ಬಿಡುತ್ತಾ ಬಿಡುತ್ತಾ ಉಸ್ತಾದರ ಕೈ ಸೋತಿತು, ನೀಲಿ ಮಾತ್ರ ಸೋಲಲಿಲ್ಲ.

ಹವಳಕ್ಕೆ ಕ್ಷಾರ ಬೇಕೇ ಬೇಕು, ಎಲುಬು ಕಟ್ಟುವುದು ಅದರಿಂದಲೇ. ಹೆಚ್ಚಾದರೆ ಮೈ ಸುಡುತ್ತದೆ. ದ್ರಾಕ್ಷಿಗಳು ಸಣ್ಣಗಾದವು. ಅಂಚಿನಲ್ಲಿ ಬಿಳಿ ಎಲುಬು ಇಣುಕಿತು. ಆಯಿ ಮಣೆಯನ್ನು ಇನ್ನೂ ಹತ್ತಿರ ಎಳೆದುಕೊಂಡರು. "ಯಾಕೋ ಮಲ್ಲಪ್ಪ, ಒಣ ದ್ರಾಕ್ಷಿ ಆಗಾಕತ್ತಾದಲ್ಲೋ ಇದು" ಅಂದರು. ಮಗನ ಧ್ವನಿ ತೆಗೆ ಎಂದು ಕೇಳಲಿಲ್ಲ.

ಸಾಹುಕಾರರು ಸುಮ್ಮನಿರಬೇಕಲ್ಲ. "ಕ್ಷಾರಕ್ಕ ಹುಳಿ ಹಾಕಿದ್ರ ಸರಿಹೋಗ್ತದ, ಸಾಲ್ಯಾಗ ಓದೀನ್ರಿ" ಎಂದು ಒಂದು ಬುಟ್ಟಿ ಲಿಂಬೆಹಣ್ಣು ಹಿಂಡಿಸಿಬಿಟ್ಟರು. ನಾವು ಹೋಗಿ ನೋಡುವಷ್ಟರಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆ, ಪಡಸಾಲೆಯೆಲ್ಲ ಶರಬತ್ತಿನ ವಾಸನೆ. ಉಸ್ತಾದರು ಗಾಳಿಯ ಕೊಳವೆ ಎರಡು ಬಿಟ್ಟು, ಉಳಿಸಿಟ್ಟಿದ್ದ ಸಮುದ್ರದ ನೀರು ಬದಲಿಸಿ, ಹೇಗೋ ಉಳಿಸಿದರು. ಹುಡುಗರೇ, ಇದನ್ನು ಗೆರೆ ಎಳೆದು ಓದಿ: ಏರಿದ ಕ್ಷಾರ ಹವಳವನ್ನು ನಿಧಾನ ಕೊಲ್ಲುತ್ತದೆ, ಒಮ್ಮೆಲೇ ಇಳಿಸಿದ ಕ್ಷಾರ ಬೇಗ ಕೊಲ್ಲುತ್ತದೆ. ಸಾಹುಕಾರರು ಮಾತ್ರ, "ಸಕ್ಕರಿ ಕಮ್ಮಿ ಆಗಿತ್ತೇನೋ" ಎಂದು ತಮ್ಮ ಮೇಲೆ ತಾವೇ ಜೋಕು ಮಾಡಿಕೊಂಡು ಮಿಲ್ಲಿಗೆ ಹೋದರು.

ಆಮೇಲೆ ನಾವು ಬೋರಿನ ನೀರು ನಿಲ್ಲಿಸಿದೆವು. ಬ್ಯಾಟರಿ ನೀರಿನ ಕ್ಯಾನು ನಾವೇ ಹೊತ್ತು ಒಯ್ದೆವು. ಟ್ಯಾಂಕಿನೊಳಗೆ ಹವಳದ ಕೆಳಗಿಟ್ಟಿದ್ದ ಫರಸಿ ಕಲ್ಲೂ ಸುಣ್ಣ ಬಿಡುತ್ತಿದೆಯೇನೋ ಎಂದು ಸಂಶಯ ಬಂದು ಅದನ್ನೂ ತೆಗೆದೆವು. ಪ್ರತಿ ಸಲ ಒಂದಿಷ್ಟು ಹಳೆಯ ನೀರು ತೆಗೆದು ಸಮುದ್ರದ ನೀರು ಹಾಕಿದೆವು. ಪುಸ್ತಕ ಬರೆದವರು ಬಂದು ನೋಡಿದ್ದರೆ ಬೆನ್ನು ಚಪ್ಪರಿಸುತ್ತಿದ್ದರು. ಕ್ಷಾರ ಮಾತ್ರ ಏರುತ್ತಲೇ ಇತ್ತು.

ಇಳಿಯದೆ ನಿಂತಿದ್ದರೆ ಅರ್ಥವಾಗುತ್ತಿತ್ತು. ಏರುತ್ತಿತ್ತು. ದ್ರಾಕ್ಷಿ ಬಡವಾದಂತೆ ನಾವು ಔಷಧ ಹೆಚ್ಚು ಮಾಡಿದೆವು, ಶಕ್ತಿ ಬರಲಿ ಎಂದು. ನಾವು ಔಷಧ ಹೆಚ್ಚು ಮಾಡಿದಂತೆ ಕ್ಷಾರವೂ ಹೆಚ್ಚಾಯಿತು. ಸೀಗಡಿಗೂ ಕ್ಷಾರಕ್ಕೂ ಸಂಬಂಧವಿಲ್ಲ. ಉಸ್ತಾದರು ಊಟ ಬಿಟ್ಟರು. ಗಡ್ಡ ನೀವುವುದನ್ನು ಬಿಟ್ಟು ಎಳೆಯತೊಡಗಿದರು. ಟ್ಯಾಂಕಿನ ಮುಚ್ಚಳದ ಗಾಜಿನ ಮೂಲೆಯಲ್ಲಿ ನಾನು ಹೋದಾಗಲೆಲ್ಲ ಒಂದು ಬಿಳಿ ಗುರುತು ಇರುತ್ತಿತ್ತು. ನಾನು ಅದನ್ನೂ ಕ್ಷಾರವೆಂದೇ ಬೈದು ಒರೆಸುತ್ತಿದ್ದೆ. ಕ್ಷಾರಕ್ಕೆ ಬೆರಳಿನ ಆಕಾರ ಹೇಗೆ ಬಂತು ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಇದ್ದಿದ್ದರೆ ನಾನು ತಹಶೀಲ್ದಾರನ ಧ್ವನಿ ತೆಗೆಯುವ ಬದಲು ತಹಶೀಲ್ದಾರನೇ ಆಗುತ್ತಿದ್ದೆ.

ಒಂದು ಸಲ ಗಾಣಗಾಪುರದ ಲಾಡ್ಜಿನ ಕೆಲಸ ತಡವಾಗಿ ಅಲ್ಲೇ ಉಳಿದೆ. ಮರುದಿನ ಮೊದಲ ಬಸ್ಸಿಗೆ ಅಫಜಲಪುರಕ್ಕೆ ಇಳಿದು, ಎಂದೂ ಹೋಗದ ಹೊತ್ತಿನಲ್ಲಿ, ಬೆಳಗಾಗೆದ್ದು ಸಾಹುಕಾರರ ಪಡಸಾಲೆಗೆ ಹೋದೆ. ಆಯಿ ಆಗಷ್ಟೇ ಪೂಜೆ ಮುಗಿಸಿ ಲಿಂಗವನ್ನು ಎದೆಗೆ ಕಟ್ಟಿಕೊಂಡು, ಹಣೆ ತುಂಬ ಮೂರು ಬೆರಳಿನ ವಿಭೂತಿ ಧರಿಸಿ ಹೊರಗೆ ಬಂದರು. ಕೈಯಲ್ಲಿ ಹಿತ್ತಾಳೆಯ ಗಿಂಡಿ. ಟ್ಯಾಂಕಿನ ಮುಚ್ಚಳದ ಮೂಲೆ ಎತ್ತಿದರು. ಗಿಂಡಿಯಲ್ಲಿದ್ದ ಹಾಲಿನಂಥ ನೀರನ್ನು ಒಳಗೆ ಸುರಿದು ಕೈಮುಗಿದರು.

"ಆಯಿ, ಏನ್ರಿ ಅದು?" ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ಬಾರೋ ಮಲ್ಲಪ್ಪ. ವಿಭೂತಿ ನೀರು. ದಿನಾ ಹಾಕ್ತೇನಿ. ಮೊದಲ ಒಂದ್ ಚಿಟಿಕಿ ಹಾಕ್ತಿದ್ದೆ. ಈಗ ಅದಕ್ಕ ಆರಾಮಿಲ್ಲಲ್ಲ, ಗಟ್ಟಿ ತೇಯ್ದು ಗಿಂಡಿ ತುಂಬ ಹಾಕ್ತೇನಿ."

ವಿಭೂತಿ ಎಂದರೆ ಸಗಣಿ ಸುಟ್ಟ ಬೂದಿ, ಅದಕ್ಕೆ ಕೂಡಿಸಿದ ಬಿಳಿ ಸುಣ್ಣ. ಬೂದಿಯ ನೀರಿನಷ್ಟು ಕ್ಷಾರ ಮನೆಯಲ್ಲಿ ಇನ್ನೊಂದಿಲ್ಲ, ಹಿಂದೆ ಅದರಲ್ಲೇ ಬಟ್ಟೆ ಒಗೆಯುತ್ತಿದ್ದರು. ನಾವು ಮಧ್ಯಾಹ್ನ ಇಳಿಸುತ್ತಿದ್ದೆವು, ಆಯಿ ಮುಂಜಾನೆ ಏರಿಸುತ್ತಿದ್ದರು. ಇಬ್ಬರದೂ ಒಂದೇ ಉದ್ದೇಶ, ದ್ರಾಕ್ಷಿ ಬದುಕಬೇಕು.

ಬಸ್ಸು ಹಿಡಿದು ಆಳಂದಕ್ಕೆ ಓಡಿ ಬಂದು ಉಸ್ತಾದರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಬಲೆ ಕೆಳಗಿಟ್ಟರು.

"ಸಾಹುಕಾರ್‍ರಿಗಿ ಹೇಳೂಣ್ರಿ" ಎಂದೆ.

"ಅವ ಹೋಗಿ ಅವ್ವನ ಮ್ಯಾಲ ಒದರ್ತಾನ. ಆಕಿ ಖೋಲಿ ಸೇರ್ತಾಳ. ದ್ರಾಕ್ಷಿ ಉಳೀತು, ಆಕಿ ಹೋದ್ಲು. ಏನ್ ಫಾಯ್ದಾ?"

"ಹಾಂಗಾದ್ರ ನೀವ ಹೇಳ್ರಿ."

"ನಾನ?" ಉಸ್ತಾದರು ತಮ್ಮ ಗಡ್ಡವನ್ನು ಹಿಡಿದು ನನ್ನ ಮುಖದ ಮುಂದೆ ಅಲ್ಲಾಡಿಸಿದರು. "ಇದನ್ನ ನೋಡು. ಇದನ್ನ ಇಟ್ಕೊಂಡು ಆಯಿಗಿ ನಿಮ್ಮ ವಿಭೂತಿ ಬ್ಯಾಡ ಅಂತ ನಾ ಹೇಳ್ಲೇನು? ನಿನ್ನ ಹಣಿ ಮ್ಯಾಲ ಅದ ವಿಭೂತಿ. ಊರ ಮಂದಿ ಧ್ವನಿ ಎಲ್ಲಾ ತೆಗೀತಿ, ಇದೊಂದ್ ಮಾತ ನಿನ್ನ ಧ್ವನ್ಯಾಗ ಹೇಳಿ ಬಾ."

ಅದೇ ಕಷ್ಟ. ನನ್ನ ಧ್ವನಿಯಲ್ಲಿ ಹೇಳಿದ ಅಭ್ಯಾಸ ನನಗಿರಲಿಲ್ಲ.

ಮರುದಿನ ಮಧ್ಯಾಹ್ನ ಇಬ್ಬರೂ ಹೋದೆವು. ಆಯಿ ಮಣೆಯ ಮೇಲೆ ಎಚ್ಚರವಾಗಿಯೇ ಇದ್ದರು. ದ್ರಾಕ್ಷಿ ಮುದುಡಿ ಅಂಚೆಲ್ಲ ಬಿಳಿಚಿಕೊಂಡಿತ್ತು. ನಾನು ರಾತ್ರಿಯೆಲ್ಲ ಯೋಚಿಸಿ ಒಂದು ಜಾಣತನ ಹುಡುಕಿದ್ದೆ. ಟ್ಯಾಂಕಿನ ಹಿಂದೆ ಕೂತು, ಮೂಗಿನಿಂದ ಸಣ್ಣ ಧ್ವನಿ ತೆಗೆದೆ:

"ಆಯೀ... ಆಯೀ... ನಾ ದ್ರಾಕ್ಷಿ. ನನಗ ಮೈ ಉರಿಯಾಕತ್ತದ. ದಿನಾ ಮುಂಜಾನಿ ಹಾಕ್ತಿರಲ್ರಿ, ಅದು ನನಗ ತಡಿಯಾಕ ಆಗವಲ್ದು..."

ಆಯಿ ಬಗ್ಗಿ ಟ್ಯಾಂಕಿನ ಹಿಂದೆ ನೋಡಿದರು. ಆಮೇಲೆ, "ಮಲ್ಲಪ್ಪ, ಹೊರಗ ಬಾ. ಇಲ್ಲಿ ಕುಂದ್ರು. ನಾನೂ ಒಂದ್ ಧ್ವನಿ ತೆಗೀತೇನಿ, ಕೇಳು" ಅಂದರು.

ಸೆರಗು ಸರಿಮಾಡಿಕೊಂಡು, ಕತ್ತು ಕೊಂಚ ಮುಂದೆ ಚಾಚಿ, ನನ್ನ ಹಾಗೆ ಕಣ್ಣನ್ನು ಅತ್ತಿತ್ತ ಓಡಿಸಿ ಪಿಸುಗುಟ್ಟಿದರು: "ಲಗೂ ಹಾಕ್ರಿ ಉಸ್ತಾದ್, ಆಯಿ ನೋಡ್ತಾಳ!" ಮರುಕ್ಷಣ ಗಡ್ಡ ನೀವಿಕೊಂಡು, ಗಂಟಲು ದಪ್ಪ ಮಾಡಿ: "ಯಾ ಅಲ್ಲಾ, ಬಾಯಿ ಮುಚ್ಚಲೇ!"

ನನ್ನ ಜೀವಮಾನದಲ್ಲಿ ನನ್ನ ಧ್ವನಿ ನಾನು ಕೇಳಿದ್ದು ಅದೇ ಮೊದಲು. ಅಷ್ಟು ಹೇಡಿಯಂತಿರುತ್ತದೆ ಎಂದು ಗೊತ್ತಿರಲಿಲ್ಲ. ಉಸ್ತಾದರು ಔಷಧದ ಬಾಟಲಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.

"ನಾ ಸೋಲಾಪುರದಾಗ ಬೆಳೆದಾಕಿ" ಅಂದರು ಆಯಿ. "ನಮ್ಮ ಮನಿ ಹಿಂದನ ಮೀನ ಬಜಾರ ಇತ್ತು. ಒಣ ಸೀಗಡಿ ವಾಸನಿ ನನಗ ತಿಳಿಯೂದಿಲ್ಲ ಅಂದ್ಕೊಂಡೀರೇನು? ಔಷಧ ಅಂತ ಔಷಧ!"

"ಆಯಿ, ಅದಕ್ಕ ಹೊಟ್ಟಿ ಅದರಿ..." ಎಂದು ಉಸ್ತಾದರು ತೊದಲಿದರು.

"ಹೊಟ್ಟಿ ಅದ ಅಂತ ಗೊತ್ತಾತು, ಅದಕ್ಕ ಸುಮ್ಮ ಇದ್ದೆ. ಹಸದದ್ದಕ್ಕ ಬ್ಯಾಡ ಅನ್ಲೇನು? ಆದ್ರ ಲಿಂಗ ಇರೂ ಮನಿ ಇದು. ನೀವು ಹಾಕಿ ಹೋಗ್ತೀರಿ, ಅದರ ದೋಷ ಯಾರ ತೆಗೀಬೇಕು? ಅದಕ್ಕ ದಿನಾ ಮುಂಜಾನಿ ವಿಭೂತಿ ನೀರ ಹಾಕ್ತಿದ್ದೆ. ನೀವು ಜಾಸ್ತಿ ಹಾಕಿದ್ರಿ, ನಾನೂ ಜಾಸ್ತಿ ಹಾಕ್ದೆ."

ಸೀಗಡಿಗೂ ಕ್ಷಾರಕ್ಕೂ ಇದ್ದ ಸಂಬಂಧ ಅದು. ಯಾವ ಪುಸ್ತಕದಲ್ಲೂ ಬರೆದಿಲ್ಲ, ಫೋನಿನಲ್ಲೂ ಸಿಗುವುದಿಲ್ಲ.

ಉಸ್ತಾದರು ಪರೀಕ್ಷೆಯ ಸೀಸೆ ತೆಗೆದು, ಟ್ಯಾಂಕಿನ ನೀರಿಗೆ ಹನಿ ಬಿಟ್ಟು ತೋರಿಸಿದರು. ನೀಲಿ ಬದಲಾಗಲೇ ಇಲ್ಲ. ಸಮುದ್ರದ ನೀರಿಗೆ ಬಿಟ್ಟರು, ಬೇಗ ಹಳದಿಯಾಯಿತು. ಆಯಿಯ ನಗು ಹೋಯಿತು.

"ಅಂದ್ರ ನನ್ನ ವಿಭೂತಿ ಅದಕ್ಕ ವಿಷ ಆತೇನು?"

ಖೋಲಿಯ ಬಾಗಿಲು ಅವರ ಬೆನ್ನ ಹಿಂದೆಯೇ ತೆರೆದಿತ್ತು. ಉಸ್ತಾದರು ಮೆಲ್ಲಗೆ ಹೇಳಿದರು: "ವಿಷ ಅಲ್ಲರಿ ಆಯಿ. ಸಕ್ಕರಿ ಛಲೋದು. ನಾ ಸಕ್ಕರಿ ರೋಗದವ, ನನಗ ಆಗೂದಿಲ್ಲ. ತಪ್ಪ ಸಕ್ಕರಿದಲ್ಲ, ನನ್ನ ಮೈದು. ಇದರ ಮೈಯೂ ಹಾಂಗರಿ."

ಆಯಿ ಎದ್ದರು. ಖೋಲಿಯೊಳಗೆ ಹೋದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆಗಲೇ ನನ್ನ ಮನಸ್ಸಿನಲ್ಲಿ ಆಳಂದದ ಬಸ್ಸು ಹೊರಟಿತ್ತು.

ಹೊರಗೆ ಬಂದಾಗ ಅವರ ಕೈಯಲ್ಲಿ ಗಿಂಡಿ ಇರಲಿಲ್ಲ, ವಿಭೂತಿ ಗಟ್ಟಿ ಇತ್ತು. ನೀರಿನಲ್ಲಿ ಅದನ್ನು ತೇಯ್ದು, ಮೂರು ಬೆರಳು ಅದ್ದಿ, ಟ್ಯಾಂಕಿನ ಮುಂದಿನ ಗಾಜಿನ ಮೇಲೆ, ಹೊರಗಡೆ, ಆ ತುದಿಯಿಂದ ಈ ತುದಿಯವರೆಗೆ ಮೂರು ಗೆರೆ ಎಳೆದರು. ಸ್ವಲ್ಪ ಹಿಂದೆ ಸರಿದು ನೋಡಿ, ಒಂದು ಗೆರೆಯನ್ನು ತಿದ್ದಿದರು.

ಅಷ್ಟರಲ್ಲಿ ಸಾಹುಕಾರರು ಊಟಕ್ಕೆ ಬಂದರು. "ಇದೇನವ್ವಾ? ಗಾಜಿಗಿ ಯಾರರ ವಿಭೂತಿ ಹಚ್ತಾರೇನು?"

"ಅದಕ್ಕ ಹಣಿ ಇಲ್ಲಲ್ಲೋ, ಗಾಜ ಅದ" ಅಂದರು ಆಯಿ. "ನೀ ಹಿಂಡಿದ ಲಿಂಬಿಹಣ್ಣಿಗಿಂತ ಛಲೋ ಅದ, ಹೋಗಿ ಉಣ್ಣು."

ಇಳಿಸುವ ಕೆಲಸಕ್ಕೆ ಆಮೇಲೆ ಬೇರೆ ವಿದ್ಯೆ ಬೇಕಾಗಲಿಲ್ಲ. ಹುಡುಗರೇ, ನಾನು "ಏನೂ ಹಾಕಬ್ಯಾಡ" ಅನ್ನುವುದು ಇದಕ್ಕೇ. ಏನು ಒಳಗೆ ಹೋಗುತ್ತಿದೆಯೋ ಅದನ್ನು ಮೊದಲು ನಿಲ್ಲಿಸಿ. ಮನೆಯ ಪ್ರತಿಯೊಬ್ಬರನ್ನೂ ಕೇಳಿ, ಹಿರಿಯ ಹೆಂಗಸನ್ನು ಎರಡು ಸಲ ಕೇಳಿ. ಆವಿಯಾದ ಜಾಗಕ್ಕೆ ಭಟ್ಟಿ ಇಳಿಸಿದ ನೀರು ಮಾತ್ರ ಹಾಕಿ. ಹಳೆಯ ನೀರನ್ನು ಸ್ವಲ್ಪ ಸ್ವಲ್ಪ ಬದಲಿಸಿ. ಹವಳ ತಾನೇ ಎಲುಬು ಕಟ್ಟುತ್ತಾ ಮಿಕ್ಕ ಕ್ಷಾರವನ್ನು ತಿಂದುಕೊಳ್ಳುತ್ತದೆ. ಅವಸರ ಮಾಡುವವರು ಬೇಕಾದರೆ ಲಿಂಬೆಹಣ್ಣಿನ ಅಂಗಡಿ ಇಡಲಿ.

ಮಳೆಗಾಲದ ಹೊತ್ತಿಗೆ ಸೀಸೆಯ ನೀಲಿ ಬೇಗ ಬೇಗ ಹಳದಿಗೆ ತಿರುಗತೊಡಗಿತು. ಒಂದು ದಿನ ಗೊಂಚಲಿನ ಮೂಲೆಯಲ್ಲಿ ಒಂದೇ ಒಂದು ಗುಳ್ಳೆ ಊದಿಕೊಂಡು ನಿಂತಿತ್ತು. ಆಯಿ ಅದನ್ನು ಮನೆಯವರಿಗೆಲ್ಲ ಒಬ್ಬೊಬ್ಬರಾಗಿ ಕರೆದು ತೋರಿಸಿದರು, ಮಿಲ್ಲಿನ ಹಮಾಲರನ್ನೂ ಬಿಡಲಿಲ್ಲ.

ನಾನು ಎಂದಿನಂತೆ ಬಟ್ಟೆ ಒದ್ದೆ ಮಾಡಿ ಗಾಜು ಒರೆಸಲು ಹೋದೆ. ಉಸ್ತಾದರು ನನ್ನ ಕೈಗೆ ಒಂದು ಏಟು ಕೊಟ್ಟು ಬಟ್ಟೆ ಕಿತ್ತುಕೊಂಡರು. ಮೂರೂ ಕಡೆಯ ಗಾಜು ಫಳಫಳ ಒರೆಸಿದರು. ಮುಂದಿನ ಗಾಜಿಗೆ ಬಂದಾಗ ಬೆರಳಿಗೆ ಬಟ್ಟೆಯ ತುದಿ ಸುತ್ತಿಕೊಂಡು, ಉಸಿರು ಬಿಗಿಹಿಡಿದು, ಆ ಮೂರು ಗೆರೆಗಳ ಸುತ್ತಲೂ ಒರೆಸಿ ಗೆರೆಗಳನ್ನು ಹಾಗೇ ಬಿಟ್ಟರು. ನಂತರ ಜೇಬಿನಿಂದ ಔಷಧದ ಬಾಟಲಿ ತೆಗೆದು, ಏನು ಮಾಡುವುದೆಂದು ತಿಳಿಯದೆ ಆಯಿಯನ್ನು ನೋಡಿದರು.

ಆಯಿ ತಮ್ಮ ಮಣೆಯನ್ನು ಎತ್ತಿ, ಟ್ಯಾಂಕಿಗೆ ಬೆನ್ನಾಗುವಂತೆ ತಿರುಗಿಸಿ ಹಾಕಿಕೊಂಡು ಕೂತರು. ಗೋಡೆಯ ಕಡೆ ಮುಖ ಮಾಡಿ, ನನ್ನ ಹೇಡಿ ಧ್ವನಿಯಲ್ಲಿ ಪಿಸುಗುಟ್ಟಿದರು:

"ಲಗೂ ಹಾಕ್ರಿ ಉಸ್ತಾದ್, ಆಯಿ ನೋಡ್ತಾಳ."